ಕೋಣೆಗೆ ತಕ್ಕ ಕಂಠವೋ, ಕಂಠಕ್ಕೆ ತಕ್ಕ ಕೋಣೆಯೋ

ಹತ್ತಡಿಗೆ ಹತ್ತಡಿಯ ಕೋಣೆ. ಗೋಡೆ ತುಂಬ ಮೊಟ್ಟೆ ಟ್ರೇ, ಅದರ ಮೇಲೊಂದಿಷ್ಟು ಕಪ್ಪು ಫೋಮು, ಮೇಜಿನ ಮೇಲೆ ಕಂಡೆನ್ಸರ್ ಮೈಕು. ನಂಜನಗೂಡು, ತಿ. ನರಸೀಪುರದ ಕಡೆ ಹಾಡುವ ಹುಡುಗರ ಮನೆಗೆ ಹೋದರೆ ಈಗ ಇಂಥದ್ದೊಂದು ಕೋಣೆ ಕಾಣಸಿಗುತ್ತದೆ. ಭಾವಗೀತೆ, ಭಕ್ತಿಗೀತೆ, ಮಾದಪ್ಪನ ಪದ ಎಲ್ಲವೂ ಅಲ್ಲೇ ರೆಕಾರ್ಡ್ ಆಗುತ್ತವೆ. ಗಂಟೆ ಲೆಕ್ಕದಲ್ಲಿ ದುಡ್ಡು ಕಟ್ಟಿ ಮೈಸೂರಿನ ಸ್ಟುಡಿಯೊದಲ್ಲಿ ಕಾಯುವ ಪಾಡು ತಪ್ಪಿತು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ನನ್ನ ತಕರಾರು ಇರುವುದು ಆ ಗೋಡೆಗಳ ಬಗ್ಗೆ.

ಮನೆಯಲ್ಲಿ ಮಾಡಿದ್ದು ಅಂದರೆ ಕಡಿಮೆ ದರ್ಜೆಯದು ಅನ್ನುವವರು 1935ನ್ನು ನೆನೆಯಬೇಕು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರುಮಾಡಿದರು. ‘ಆಕಾಶವಾಣಿ’ ಹುಟ್ಟಿದ್ದು ಒಂದು ಮನೆಯೊಳಗೆ.

ಗೋಡೆಗೆ ಬರೋಣ. ಇಂಥ ಒಂದು ಕೋಣೆಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಟ್ರೇ ಅಂಟಿಸಿದ್ದರೂ ಸದ್ದು ಗೋಡೆಯಿಂದ ಗೋಡೆಗೆ ಓಡಾಡಿ ‘ಝಣ್’ ಅಂತ ಬಾಲ ಬಿಟ್ಟಿತು. ಹಾಡುವ ಹುಡುಗ ಷಡ್ಜ ಹಿಡಿದಾಗ ತೊಂದರೆ ಇರಲಿಲ್ಲ. ಮಂದ್ರದ ಧೈವತಕ್ಕೆ ಇಳಿದ ಕೂಡಲೇ ಇಡೀ ಕೋಣೆ ಗುಂಯ್‌ಗುಟ್ಟಿತು. ಅವನು ಮೈಕನ್ನು ಬೈದ. ತಪ್ಪು ಮೈಕಿನದಲ್ಲ. ಉದ್ದ, ಅಗಲ, ಎತ್ತರ ಮೂರೂ 10 ಅಡಿ ಇದ್ದರೆ ಸುಮಾರು 56 ಹರ್ಟ್ಸ್‌ನಲ್ಲಿ, ಮತ್ತೆ ಅದರ ಎರಡರಷ್ಟಾದ 112ರಲ್ಲಿ, ಮೂರು ದಿಕ್ಕಿನ ಅಲೆಗಳೂ ಒಂದೇ ಕಡೆ ಸೇರಿ ಉಬ್ಬುತ್ತವೆ. ಗಂಡು ದನಿಯ ಮಂದ್ರ ಸುಳಿಯುವುದು ಈ 112ರ ಆಸುಪಾಸಿನಲ್ಲೇ. ಒಂದಿಂಚಿನ ಫೋಮು ಹಿಡಿಯುವುದು ತಾರಕದ ಮೊನಚನ್ನು ಮಾತ್ರ, ಈ ಗುಂಯ್ ಅನ್ನು ಮುಟ್ಟುವುದೂ ಇಲ್ಲ. ಮೊಟ್ಟೆ ಟ್ರೇ ಅಷ್ಟನ್ನೂ ಮಾಡದು, ಕಿಡಿ ಬಿದ್ದರೆ ಹೊತ್ತಿಕೊಳ್ಳುವುದೊಂದೇ ಅದಕ್ಕೆ ಗೊತ್ತು. ರಸ್ತೆಯ ಬಸ್ಸಿನ ಹಾರನ್ನನ್ನು ಇವೆರಡೂ ತಡೆಯುವುದಿಲ್ಲ. ಅದಕ್ಕೆ ದಪ್ಪ ಗೋಡೆ ಬೇಕು, ಕಿಟಕಿ ಬಾಗಿಲ ಸಂದು ಮುಚ್ಚಬೇಕು.

ಅದೇ ಮನೆಯ ಅಟ್ಟದ ಮೇಲೆ ಎರಡು ಹತ್ತಿ ಹಾಸಿಗೆ, ಮೂರು ಕಂಬಳಿ ಸುಮ್ಮನೆ ಬಿದ್ದಿದ್ದವು. ಇಳಿಸಿದೆವು. ಹಾಸಿಗೆಗಳನ್ನು ಮೂಲೆಗಳಿಗೆ ನಿಲ್ಲಿಸಿ, ಹಗ್ಗ ಕಟ್ಟಿ ಕಂಬಳಿಗಳನ್ನು ಗೋಡೆಯಿಂದ ಒಂದು ಗೇಣು ಈಚೆ ಇಳಿಬಿಟ್ಟೆವು. ಗೋಡೆಗೂ ಬಟ್ಟೆಗೂ ನಡುವಿನ ಆ ಗಾಳಿಯ ಜಾಗಕ್ಕೆ ಕಾಸಿಲ್ಲ, ಆದರೆ ಅರ್ಧ ಕೆಲಸ ಅದರದ್ದೇ. ಹುಡುಗ ಕೋಣೆಯ ನಟ್ಟನಡುವೆ ನಿಲ್ಲುವುದು ಬಿಟ್ಟು ಎರಡು ಹೆಜ್ಜೆ ಪಕ್ಕಕ್ಕೆ ಸರಿದ. ಫ್ಯಾನು ಆರಿಸಿದೆವು, ಅಡುಗೆಮನೆಯ ಫ್ರಿಜ್ಜನ್ನೂ. ಆಮೇಲೆ ಕೇಳಿದ್ದು ಅವನ ದನಿ.

ಇಲ್ಲಿಗೆ ನಿಲ್ಲಿಸಿದರೆ ಚೆನ್ನ. ಆದರೆ ಇನ್ನಷ್ಟು ಕಂಬಳಿ ಹೊದಿಸಿ ಕೋಣೆಯನ್ನು ಪೂರ್ತಿ ಮೂಕ ಮಾಡುವ ಹುರುಪು ಹತ್ತುತ್ತದೆ. ಅದು ದೊಡ್ಡ ತಪ್ಪು. ತನ್ನ ದನಿ ತನಗೇ ಮರಳಿ ಬಾರದಿದ್ದರೆ ಹಾಡುವವರು ಗಂಟಲು ಬಿಗಿಯುತ್ತಾರೆ, ಶ್ರುತಿ ಜಾರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಸುರಿಯುವ ರಿವರ್ಬ್ ಆ ಬಿಗಿತವನ್ನು ಸಡಿಲಿಸುವುದಿಲ್ಲ. ಒಂದು ಗೋಡೆ ಬರಿದಾಗಿಯೇ ಇರಲಿ.

ಕಂಠ ಸಾಧನಕ್ಕೆ ಬಗ್ಗಬೇಕೋ, ಸಾಧನ ಕಂಠಕ್ಕೋ ಎನ್ನುವ ಪಾಠ ಈ ಸೀಮೆಗೆ ಹೊಸದಲ್ಲ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರ ಆರಂಭದ ದಿನಗಳ ಗ್ರಾಮಫೋನಿಗೆ ಮೈಕೇ ಇರಲಿಲ್ಲ. ತಗಡಿನ ಕೊಂಬಿಗೆ ಮುಖವೊಡ್ಡಿ, ಗಟ್ಟಿಯಾಗಿ, ಮೂರು ನಾಲ್ಕು ನಿಮಿಷದೊಳಗೆ ಹಾಡಿ ಮುಗಿಸಬೇಕಿತ್ತು. ಅಲ್ಲಿ ಯಂತ್ರಕ್ಕೆ ಕಂಠ ಬಗ್ಗಿತು. ತಿರುಮಕೂಡಲಿನ ಪಿಟೀಲು ವಿದ್ವಾಂಸ ಚೌಡಯ್ಯನವರು ಬಗ್ಗಲಿಲ್ಲ. ಮೈಕಿಲ್ಲದ ಸಭೆಯಲ್ಲಿ ಪಿಟೀಲು ಹಿಂದಿನ ಸಾಲಿಗೆ ಕೇಳುತ್ತಿಲ್ಲ ಎಂದು ಗೊತ್ತಾದಾಗ ಅದಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು, ಸಾಧನವನ್ನೇ ತಮ್ಮ ಸಂಗೀತಕ್ಕೆ ಬಗ್ಗಿಸಿದರು. ನಮ್ಮ ಹುಡುಗರು ಹಿಡಿಯಬೇಕಾದ ದಾರಿ ಎರಡನೆಯದು.

ಇಂದಿನ ಕೋಣೆಗಳು ಹೆಚ್ಚು ಸೋಲುವುದು ಮಂಟೇಸ್ವಾಮಿಯ ಪದ ಹಾಡುವ ನೀಲಗಾರರ ಮೇಳದ ಮುಂದೆ. ತಂಬೂರಿ, ಗಗ್ಗರ, ತಾಳ, ಮುಂದಾಳು ಸೊಲ್ಲು ಬಿಟ್ಟ ಕಡೆ ಎತ್ತಿಕೊಳ್ಳುವ ಹಿಮ್ಮೇಳ, ಇದೆಲ್ಲ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಕುವ ಕಲೆ. ಒಬ್ಬೊಬ್ಬರನ್ನೇ ಕರೆದು, ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಬೇರೆ ಬೇರೆ ಟ್ರ್ಯಾಕಿನಲ್ಲಿ ಹಾಡಿಸಿದ ಮಂಟೇಸ್ವಾಮಿ ಪದವನ್ನು ನಾನು ಕೇಳಿದ್ದೇನೆ. ತಾಳ ಕರಾರುವಾಕ್ಕಾಗಿತ್ತು. ಮೇಳ ಇರಲಿಲ್ಲ.

ಮೇಳಕ್ಕೆ ಕೋಣೆ ಬೇಡ, ಹೆಂಚಿನ ಮನೆಯ ಪಡಸಾಲೆ ಸಾಕು. ಏರುಪೇರಾದ ಹೆಂಚು, ಮರದ ತೊಲೆ ಸದ್ದನ್ನು ಚದುರಿಸುತ್ತವೆ, ಆರ್‌ಸಿಸಿ ಸೂರಿನ ಹಾಗೆ ಬಡಿದು ವಾಪಸ್ಸು ಎಸೆಯುವುದಿಲ್ಲ. ಕೊನೇ ಬಸ್ಸು ಹೋದ ಮೇಲೆ ಕೂರಿಸಿ. ಮುಂದಾಳಿನಿಂದ ಒಂದು ಮಾರು ದೂರಕ್ಕೆ ಮೈಕು, ತಾಳದವರು ಇನ್ನೊಂದು ಹೆಜ್ಜೆ ಹಿಂದೆ. ಚಾಪೆ ಹಾಸಿ, ಕುಡಿಯಲು ನೀರಿಟ್ಟು, ರೆಕಾರ್ಡ್ ಒತ್ತಿದ ಮೇಲೆ ಅವರಾಗಿ ನಿಲ್ಲಿಸುವವರೆಗೆ ಕೈ ಹಚ್ಚಬೇಡಿ.