ಲಿಗೆಟಿಯ ‘ಅಟ್ಮಾಸ್ಫಿಯರ್ಸ್’: ಯಂತ್ರದ ಪಾಠ, ವಾದ್ಯದ ನುಡಿ

ಹಂಗೆರಿಯ ಸಂಗೀತರಚನಕಾರ ಗ್ಯೋರ್ಗಿ ಲಿಗೆಟಿ (೧೯೨೩–೨೦೦೬) ಒಂದೆರಡು ವರ್ಷ ವಿದ್ಯುನ್ಮಾನ ಸಂಗೀತದಲ್ಲಿ ಕೈಯಾಡಿಸಿ, ಬೇಸತ್ತು ವಾದ್ಯವೃಂದಕ್ಕೆ ಮರಳಿದನೆಂದು ಹೇಳುವುದುಂಟು. ಮರಳಿದನೆಂಬುದೇನೋ ದಿಟ; ಬರಿಗೈಯಲ್ಲಿ ಮರಳಲಿಲ್ಲವೆಂಬುದು ಅದಕ್ಕಿಂತ ಮುಖ್ಯವಾದ ಸಂಗತಿ.

೧೯೫೬ರ ಹಂಗೆರಿಯ ದಂಗೆಯನ್ನು ಸೋವಿಯೆಟ್ ಸೈನ್ಯವು ಅಡಗಿಸಿದ ಬಳಿಕ, ಆ ಡಿಸೆಂಬರಿನಲ್ಲಿ ಆತನು ವಿಯೆನ್ನಕ್ಕೆ ಪಲಾಯನ ಮಾಡಿದನು. ಮರುವರ್ಷ ಕಲೋನ್ ರೇಡಿಯೋದ ವಿದ್ಯುನ್ಮಾನ ಸ್ಟುಡಿಯೋವನ್ನು ಸೇರಿದನು. ಅಲ್ಲಿ ರಚಿಸಿದ ‘ಆರ್ಟಿಕುಲಾಟ್ಸಿಯೋನ್’ (೧೯೫೮) ನಾಲ್ಕು ನಿಮಿಷವೂ ಇಲ್ಲ. ಟೇಪಿನ ತುಣುಕುಗಳನ್ನು ಕತ್ತರಿಸಿ ಅಂಟಿಸಿದ ಈ ಕೃತಿಯಲ್ಲಿ ಅರ್ಥವಿಲ್ಲದ ಯಾವುದೋ ಭಾಷೆಯ ಜಗಳ, ಪಿಸುಮಾತು, ನಗೆ ಕೇಳಿಸುತ್ತವೆ. ಚತುರವಾದ ಕೃತಿ, ಆದರೆ ಚಾತುರ್ಯದಾಚೆಗೆ ಹೋಗದು. ಅದರೊಡನೆ ಯೋಚಿಸಿದ ಇನ್ನೊಂದು ಕೃತಿಗೆ ಅನೇಕ ಶುದ್ಧನಾದಗಳ ಪದರಗಳು ಬೇಕಾಗಿದ್ದುವು. ಅಂದಿನ ಯಂತ್ರಗಳಿಗೆ ಅದು ನಿಲುಕಲಿಲ್ಲ. ಆ ಕೃತಿ ನಾದರೂಪಕ್ಕೆ ಬಂದುದು ೧೯೯೬ರಲ್ಲಿ, ಹಾಲೆಂಡಿನಲ್ಲಿ.

ಯಂತ್ರಕ್ಕೆ ಸಾಧ್ಯವಾಗದುದನ್ನು ಲಿಗೆಟಿಯು ಮನುಷ್ಯರಿಂದ ನುಡಿಸಿದನು. ೧೯೬೧ರ ಅಕ್ಟೋಬರಿನಲ್ಲಿ ಡೊನೌಎಶಿಂಗೆನ್ನಿನಲ್ಲಿ ಹಾನ್ಸ್ ರೋಸ್‌ಬೌಡನ ನೇತೃತ್ವದಲ್ಲಿ ‘ಅಟ್ಮಾಸ್ಫಿಯರ್ಸ್’ ಮೊದಲು ಕೇಳಿಬಂದಾಗ ಸಭೆಯು ಅದನ್ನು ಮತ್ತೊಮ್ಮೆ ನುಡಿಸಲು ಕೇಳಿತು. ಇದರಲ್ಲಿ ರಾಗಸಂಚಾರವಿಲ್ಲ, ಲಯದ ಹೆಜ್ಜೆಯಿಲ್ಲ, ತಾಳವಾದ್ಯಗಳೂ ಇಲ್ಲ. ಐದಕ್ಕೂ ಹೆಚ್ಚು ಸ್ಥಾಯಿಗಳ ಹರವಿನಲ್ಲಿ ಒತ್ತೊತ್ತಾಗಿ ತುಂಬಿದ ಸ್ವರಸಮೂಹವೊಂದು ಮೆಲ್ಲನೆ ಎದ್ದು ನಿಲ್ಲುತ್ತದೆ. ತಂಬೂರಿಯ ನೆನಪಾಗುವುದು ಸಹಜ, ಆದರೆ ಆ ಹೋಲಿಕೆ ದಾರಿತಪ್ಪಿಸುತ್ತದೆ: ತಂಬೂರಿಗೆ ಷಡ್ಜವೆಂಬ ನೆಲೆಯುಂಟು, ಇಲ್ಲಿ ನೆಲೆಯೇ ಕರಗಿದೆ. ಐವತ್ತಾರು ತಂತಿವಾದ್ಯಗಾರರಲ್ಲಿ ಪ್ರತಿಯೊಬ್ಬನಿಗೂ ಬೇರೆ ಬೇರೆ ಸ್ವರಲಿಪಿ. ನಡುವೆ ನಾಲ್ವತ್ತೆಂಟು ದನಿಗಳು ಒಂದನ್ನೊಂದು ಅನುಸರಿಸುತ್ತವೆ. ಒಂದೊಂದು ದನಿಯನ್ನೂ ಬಿಡಿಸಿ ಕೇಳಲಾಗದು, ನೇಯ್ಗೆಯ ಸ್ಪಂದನವಷ್ಟೆ ಕಿವಿಗೆ ತಾಕುತ್ತದೆ. ಟೇಪಿನ ಪದರಗಳಿಂದ ಕಲಿತ ವಿದ್ಯೆಯಿದು. ಆದರೆ ಬಿಲ್ಲು ಹಿಡಿದ ಕೈಗಳ ಅಲ್ಪಸ್ವಲ್ಪ ವ್ಯತ್ಯಾಸದಿಂದ ನಾದಕ್ಕೆ ಬರುವ ಉಸಿರನ್ನು ಟೇಪು ಕೊಡಲಾರದು. ಪಿಕ್ಕಲೋಗಳು ಕಿವಿ ಇರಿಯುವ ಎತ್ತರಕ್ಕೇರಿ ಥಟ್ಟನೆ ನಿಂತು, ಡಬಲ್‌ಬಾಸುಗಳು ಪಾತಾಳದಲ್ಲಿ ಗುಡುಗುವ ಸ್ಥಳವೊಂದೇ ಈ ಕಲೆಯಲ್ಲಿ ನಾಟಕವೂ ಉಂಟೆಂಬುದಕ್ಕೆ ಸಾಕ್ಷಿ.

೧೯೬೮ರಲ್ಲಿ ಕ್ಯೂಬ್ರಿಕ್ಕನು ರಚನಕಾರನ ಅನುಮತಿಯಿಲ್ಲದೆ ಈ ಕೃತಿಯನ್ನು ತನ್ನ ಬಾಹ್ಯಾಕಾಶದ ಚಿತ್ರಕ್ಕೆ ಬಳಸಿದನು. ಅಂದಿನಿಂದ ಇದು ಅನೇಕರಿಗೆ ನಕ್ಷತ್ರಲೋಕದ ಸಂಗೀತ. ಕೀರ್ತಿ ಬಂದಿತು, ಕೇಳುವ ಕಿವಿ ಮಾತ್ರ ಕಿರಿದಾಯಿತು. ಕೃತಿಯನ್ನು ಅರ್ಪಿಸಿದುದು ೧೯೬೦ರಲ್ಲಿ ದಕ್ಷಿಣ ಆಫ್ರಿಕದ ರಸ್ತೆಯ ಅಪಘಾತದಲ್ಲಿ ಮಡಿದ ಮಾತ್ಯಾಶ್ ಶೈಬರನ ನೆನಪಿಗೆ. ಅವನೂ ಹಂಗೆರಿಯನ್ನು ತೊರೆದು ಪರದೇಶದಲ್ಲಿ ಬದುಕಿದ ಸಂಗೀತಗಾರ. ಕೊನೆಯಲ್ಲಿ ಪಿಯಾನೋದ ತಂತಿಗಳನ್ನು ಸವರಿದ ಸದ್ದು ಸಣ್ಣಗಾಗುತ್ತ ಮೌನದಲ್ಲಿ ಸೇರುವಾಗ, ಆಕಾಶಕ್ಕಿಂತ ಆ ಹೆಸರನ್ನು ನೆನೆದು ಕೇಳುವುದೇ ನ್ಯಾಯ.