‘ಸಾಮಾನ್ಯ ಹುಡುಗಿ’ ಯಾವ ಕೇರಿಯವಳು?

‘ಬೈ ಬೈ ಬರ್ಡಿ’ (1963) ಎಂಬ ಹಾಲಿವುಡ್ ಚಿತ್ರದಲ್ಲಿ ಓಹಿಯೋದ ಕಿಮ್, ಸೈನ್ಯಕ್ಕೆ ಹೊರಟ ಗಾಯಕನೊಬ್ಬನ ಬೀಳ್ಕೊಡುಗೆ ಮುತ್ತಿಗೆ ಆಯ್ಕೆಯಾಗುತ್ತಾಳೆ. ಅವಳು ‘ಸಾಮಾನ್ಯ ಹುಡುಗಿ’ ಅಂತ ನಂಬಿಸುವುದೇ ಚಿತ್ರದ ಜಾಣತನ.

ಸಾಮಾನ್ಯ ಅಂದ್ರೆ ಯಾರು ಸ್ವಾಮಿ? 1957ರಲ್ಲಿ ಪೆನ್ಸಿಲ್ವೇನಿಯಾದ ಲೆವಿಟೌನ್ ಬಡಾವಣೆಗೆ ಮೊದಲ ಕಪ್ಪು ಕುಟುಂಬ ಬಂದಾಗ ಬಿಳಿಯರು ಗುಂಪುಗೂಡಿ ಕಲ್ಲು ತೂರಿದರು. ಅದು ಅವರ ಅಗ್ರಹಾರ. ಹಾಡು ಮಾತ್ರ ಬೇಲಿ ದಾಟಿ ಒಳಗೆ ಬಂತು. ಬರ್ಡಿಗೆ ಮಾದರಿ ಎಲ್ವಿಸ್ ಪ್ರೀಸ್ಲಿ. 1956ರಲ್ಲಿ ಅವನಿಗೆ ಭಾರೀ ಹೆಸರು ತಂದ ‘ಹೌಂಡ್ ಡಾಗ್’ ಅನ್ನು 1952ರಲ್ಲೇ ಹಾಡಿ ಮುದ್ರಿಸಿದವಳು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಹೆಣ್ಣುಮಗಳು. ತಮಟೆ ಬೇಕು, ಬಾರಿಸುವವರು ಬೇಡ!

ಆ ಹುಡುಗಿಯರ ಕಿರುಚಾಟವನ್ನು ಗೇಲಿ ಮಾಡಲಾರೆ. ಅಪ್ಪನ ಮನೆಯೊಳಗೆ ಅವರಿಗಿದ್ದ ಬಿಡುಗಡೆ ಅಷ್ಟೇ. ಆದರೆ ಆ ಬಿಡುಗಡೆಗೆ ದನಿ ಕೊಟ್ಟವಳಿಗೆ ಅದೇ ಬೀದೀಲಿ ಮನೆ ಸಿಗುತ್ತಿತ್ತೇ? ಇದನ್ನು ಕೇಳದ ವಿಮರ್ಶೆಯೂ ಬೇಲಿಯೊಳಗಿನದೇ.