ತವರುಮನೆಯ ತಂಡ

ಗ್ರಾಮವೊಂದರ ಹವ್ಯಾಸಿ ಕ್ರೀಡಾಸಂಘದ ಚರಿತ್ರೆಯನ್ನು ಅರಿಯಬಯಸುವವನು ಅದರ ಜಯಾಪಜಯಗಳ ಪಟ್ಟಿಯನ್ನು ಹುಡುಕಿ ಹೊರಟರೆ ಬರಿಗೈಯಲ್ಲಿ ಮರಳುವುದೇ ಹೆಚ್ಚು. ಏಕೆಂದರೆ ಅಂಥ ಸಂಘದ ಸತ್ತ್ವವೆಲ್ಲ ಅದು ಹೊರಗೆ ಕಳುಹಿಕೊಟ್ಟ ಆಟಗಾರರ ರೂಪದಲ್ಲಿ ಪರರ ದಾಖಲೆಗಳೊಳಗೆ ಸೇರಿಹೋಗಿರುತ್ತದೆ. ಮಗಳನ್ನು ಸಾಕಿ ಸಲಹಿ ಧಾರೆಯೆರೆದುಕೊಟ್ಟ ತವರುಮನೆಗೆ ಅವಳ ಗೃಹಿಣೀತನದ ಕೀರ್ತಿ ಎಷ್ಟು ಸಲ್ಲುವುದೋ ಇವಕ್ಕೂ ಅಷ್ಟೇ. ಯಾರ್ಕ್‌ಷೈರಿನಲ್ಲಿ, ವೇಕ್‌ಫೀಲ್ಡ್ ನಗರಕ್ಕೆ ಕೆಲವೇ ಮೈಲಿಗಳ ದೂರದಲ್ಲಿರುವ ಶಾರ್ಲ್‌ಸ್ಟನ್ ಎಂಬ ಗಣಿಹಳ್ಳಿಯ ರಗ್ಬಿ ಲೀಗ್ ತಂಡ, ಶಾರ್ಲ್‌ಸ್ಟನ್ ರೋವರ್ಸ್, ಈ ಮಾತಿಗೆ ನಾನು ಬಲ್ಲ ಅತ್ಯುತ್ತಮ ನಿದರ್ಶನ.

ಆ ಆಟದ ಹುಟ್ಟೇ ಒಂದು ಕೂಲಿಯ ವ್ಯಾಜ್ಯ. ಗಣಿಯಲ್ಲಿಯೂ ಗಿರಣಿಯಲ್ಲಿಯೂ ದುಡಿಯುವವನು ಆಟಕ್ಕೆಂದು ಕೆಲಸ ಬಿಟ್ಟು ಬಂದರೆ ಅವನ ಕೂಲಿ ಖೋತಾ ಆಗುತ್ತಿತ್ತು. ಆ ನಷ್ಟಕ್ಕೆ ದಿನಕ್ಕೆ ಆರು ಶಿಲಿಂಗು ತೆರಬೇಕೆಂಬ ಉತ್ತರ ಇಂಗ್ಲೆಂಡಿನವರ ಬೇಡಿಕೆಯನ್ನು, ಆಟಕ್ಕೆ ಹಣದ ಸೋಂಕು ತಗಲಬಾರದೆಂಬ ಮಡಿವಂತಿಕೆಯಿಂದ ರಗ್ಬಿಯ ಅಧಿಪತಿಗಳು ತಳ್ಳಿಹಾಕಲು, 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಸಂಘಗಳು ಬೇರೆಯಾಗಿ ನಾರ್ದರ್ನ್ ಯೂನಿಯನ್ನನ್ನು ಸ್ಥಾಪಿಸಿದವು. 1906ರಲ್ಲಿ ಹದಿನೈದು ಮಂದಿಯ ತಂಡ ಹದಿಮೂರಕ್ಕಿಳಿಯಿತು; 1922ರಲ್ಲಿ ರಗ್ಬಿ ಫುಟ್‌ಬಾಲ್ ಲೀಗ್ ಎಂಬ ಇಂದಿನ ನಾಮಧೇಯ ಬಂದಿತು. ಹಣದ ಪ್ರಶ್ನೆಯಿಂದ ಒಡೆದ ಮನೆಯ ಈ ಭಾಗದಲ್ಲಿಯೇ, ಕಾಸನ್ನೂ ಅಪೇಕ್ಷಿಸದೆ ಆಡುವ ಹಳ್ಳಿಯ ತಂಡಗಳು ಮನೆಯ ಆಧಾರಸ್ತಂಭಗಳಾದದ್ದು ವಿಧಿಯ ವಿನೋದವೆನ್ನಬೇಕು.

ಗಣಿಯ ಬಾಯಲ್ಲಿ ನಿಂತು ಸೀಟಿ ಊದಿದರೆ ಸಾಕು, ಕೆಳಗಿನಿಂದ ಒಬ್ಬ ಆಟಗಾರ ಎದ್ದುಬರುತ್ತಾನೆ ಎಂಬ ಐತಿಹ್ಯ ಆ ಸೀಮೆಯ ಊರೂರಿಗೂ ಉಂಟು. ಜಾಂಟಿ ಪಾರ್ಕಿನ್ನನಂಥವನನ್ನು ಕಂಡ ಜನ ಅದನ್ನು ಕಟ್ಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಶಾರ್ಲ್‌ಸ್ಟನ್ನಿನಲ್ಲಿ ಜನಿಸಿ 1913ರಲ್ಲಿ ವೇಕ್‌ಫೀಲ್ಡ್ ಟ್ರಿನಿಟಿ ತಂಡಕ್ಕೆ ಸೇರಿದ ಈತ 1920, 1924, 1928ರ ಬ್ರಿಟಿಷ್ ತಂಡದ ಮೂರು ಆಸ್ಟ್ರೇಲಿಯಾ ಯಾತ್ರೆಗಳಲ್ಲಿಯೂ ಇದ್ದು, ಕಡೆಯ ಎರಡಕ್ಕೆ ನಾಯಕನಾದನು. 1930ರಲ್ಲಿ ಟ್ರಿನಿಟಿ ತನಗೆ ಕಟ್ಟಿದ ನೂರು ಪೌಂಡುಗಳ ಬೆಲೆಯನ್ನು ತಾನೇ ತೆತ್ತು ಹಲ್ ಕಿಂಗ್‌ಸ್ಟನ್ ರೋವರ್ಸ್ ಸೇರಿದ ಅವನ ಸ್ವಾಭಿಮಾನವನ್ನು ನಾನು ಅವನ ಆಟದಷ್ಟೇ ಮೆಚ್ಚುತ್ತೇನೆ. ಅಧಿಕಾರಿಗಳಿಗೆ ಮಾತ್ರ ಅದು ಹಿಡಿಸದೆ, ಇನ್ನು ಮುಂದೆ ಯಾವ ಆಟಗಾರನೂ ತನ್ನನ್ನು ತಾನೇ ಕೊಂಡುಕೊಳ್ಳಕೂಡದೆಂದು ನಿಯಮ ಮಾಡಿದರು.

ಅನಂತರ ಅದೇ ಹಳ್ಳಿಯಿಂದ ಬಂದವರು ಫಾಕ್ಸ್ ಸಹೋದರರು. ಹಿರಿಯ ಪೀಟರ್ ತರಬೇತುದಾರನಾಗಿ 1973ರಲ್ಲಿ ಫೆದರ್‌ಸ್ಟನ್ ರೋವರ್ಸಿಗೆ ಚಾಲೆಂಜ್ ಕಪ್ ಗೆದ್ದುಕೊಟ್ಟನು. ಕಿರಿಯ ನೀಲ್ ತನ್ನ ಕ್ರೀಡಾಜೀವನದಲ್ಲಿ 6,220 ಅಂಕಗಳನ್ನು ಗಳಿಸಿದನು, ಅದನ್ನು ಮೀರಿದವರಿಲ್ಲ. ಆದರೆ ಲೋಕ ನೆನೆಯುವುದು ನಡುವಣವನಾದ ಡಾನ್‌ನನ್ನು, ಅದೂ ಒಂದೇ ಒಂದು ಒದೆತಕ್ಕಾಗಿ. 1968ರ ಮೇ 11ರಂದು ವೆಂಬ್ಲಿಯಲ್ಲಿ ನಡೆದ ಚಾಲೆಂಜ್ ಕಪ್ಪಿನ ಅಂತಿಮ ಪಂದ್ಯದಲ್ಲಿ, ಮಳೆನೀರು ನಿಂತ ಮೈದಾನದಲ್ಲಿ ಲೀಡ್ಸ್ 11-7ರಿಂದ ಮುಂದಿದ್ದಾಗ, ಕಟ್ಟಕಡೆಯ ಗಳಿಗೆಯಲ್ಲಿ ವೇಕ್‌ಫೀಲ್ಡ್ ಕಂಬಗಳ ಸಮೀಪದಲ್ಲೇ ಟ್ರೈ ಗಳಿಸಿ ಅಂತರವನ್ನು ಒಂದಕ್ಕಿಳಿಸಿತು. ಇನ್ನುಳಿದದ್ದು ಟ್ರೈಯ ಬೆನ್ನಿಗೆ ಕಂಬಗಳ ನಡುವೆ ಒದೆಯುವ ಎರಡಂಕದ ಕನ್ವರ್ಷನ್ ಒಂದೇ. ವಾಡಿಕೆಯಂತೆ ಒದೆಯಬೇಕಾಗಿದ್ದ ನೀಲ್ ಗಾಯಗೊಂಡು ಆಟದಿಂದ ಹೊರಗಿದ್ದನು. ಎಳೆಯ ಹುಡುಗನೂ ತಪ್ಪದಂಥ ನೇರದಲ್ಲಿ, ಕಂಬಗಳ ಎದುರಿನಲ್ಲೇ ಡಾನ್ ಒದೆದ ಚೆಂಡು ಓರೆಯಾಗಿ ಹೊರಟುಹೋಯಿತು. ಆ ಪಂದ್ಯದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಲ್ಯಾನ್ಸ್ ಟಾಡ್ ಪಾರಿತೋಷಕ ದೊರೆತದ್ದು ಇದೇ ಡಾನ್‌ಗೆ ಎಂಬುದನ್ನು ಎಷ್ಟು ಮಂದಿ ನೆನೆಯುತ್ತಾರೆ? ಎಂಬತ್ತು ನಿಮಿಷಗಳ ಪಾಂಡಿತ್ಯವನ್ನು ಒಂದು ನಿಮಿಷದ ಪ್ರಮಾದದಿಂದ ಅಳೆಯುವ ಪ್ರೇಕ್ಷಕರಲ್ಲಿ ರಸಜ್ಞತೆ ಕಡಿಮೆ ಎಂದೇ ನನ್ನ ಮತ.

ಶಾರ್ಲ್‌ಸ್ಟನ್ನಿನ ಗಣಿ 1993ರಲ್ಲಿ ಮುಚ್ಚಿತು. ಪಾಳಿ ಮುಗಿಸಿ ಬಂದವರೇ ತುಂಬಿರುತ್ತಿದ್ದ ತಂಡಕ್ಕೆ ಇದರಿಂದ ತಗಲಿದ ಪೆಟ್ಟನ್ನು ವಿವರಿಸಬೇಕಾಗಿಲ್ಲ. ಹೀಗಿರಲು, ಹವ್ಯಾಸಿಗಳಿಗೂ ಬಾಗಿಲು ತೆರೆದಿರುವ ಅದೇ ಚಾಲೆಂಜ್ ಕಪ್ಪಿನಲ್ಲಿ, 2004ರಲ್ಲಿ, ಈ ಹಳ್ಳಿಯವರು ಸಂಭಾವನೆ ಪಡೆದು ಆಡುವ ಡ್ಯೂಸ್‌ಬರಿ ತಂಡವನ್ನು 30-24ರಿಂದ ಸೋಲಿಸಿದರು. ಮುಂದಿನ ಸುತ್ತುಗಳಲ್ಲಿ ಕಪ್ ಅವರ ಕೈಗೆ ಬರಲಿಲ್ಲ. ಬರಬಹುದೆಂದು ಯಾರೂ ಭಾವಿಸಿರಲೂ ಇಲ್ಲ. ಡ್ಯೂಸ್‌ಬರಿಯವರಿಗಂತೂ ಆ ವಾರದ ಸಂಬಳವನ್ನು ತಲೆಯೆತ್ತಿ ಎಣಿಸಿಕೊಳ್ಳುವುದು ಕಷ್ಟವಾಗಿದ್ದಿರಬೇಕು.